ಕೂಗಿದರೆ ಹಿಮ ಕುಸಿಯುತ್ತದೆಯೇ?

ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಹಿಮಕುಸಿತ ಹಾಸನ ಜಿಲ್ಲೆಗೆ ದೂರದ ಸುದ್ದಿಯಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ನೆಲೆಯಲ್ಲಿ 10 ಯೋಧರು ಹಿಮದಡಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ಇಂದು ನಮ್ಮ ಊರುಗಳಿಂದ ಮನಾಲಿ, ಗುಲ್ಮಾರ್ಗ್‌ಗೆ ಪ್ರವಾಸ ಹೋಗುವವರೂ ಇದ್ದಾರೆ. ಹಾಗಾಗಿ ಹಿಮಕುಸಿತದ ಬಗ್ಗೆ ಇರುವ ಮೂರು ನಂಬಿಕೆಗಳನ್ನು ಪರೀಕ್ಷಿಸೋಣ.

ನಂಬಿಕೆ 1: ಜೋರಾಗಿ ಕೂಗಿದರೆ ಹಿಮ ಜಾರುತ್ತದೆ

ಇದು ಸಿನಿಮಾದ ಮಾತು. ಹಿಮದ ಪದರ ಮುರಿಯುವಷ್ಟು ಒತ್ತಡ ಮನುಷ್ಯನ ದನಿಗಿಲ್ಲ. ಹೊಸ ಹಿಮದ ಭಾರ, ಗಾಳಿ ತಂದು ಪೇರಿಸಿದ ಹಿಮ, ದಿಢೀರ್ ಏರುವ ತಾಪಮಾನ, ನಡೆಯುವವರ ತೂಕ ಇವೇ ನಿಜವಾದ ಕಾರಣಗಳು. ಚಾರಣ, ಸ್ಕೀಯಿಂಗ್‌ನಲ್ಲಿ ಪ್ರಾಣ ತೆಗೆಯುವ ಕುಸಿತಗಳನ್ನು ಹೆಚ್ಚಿನ ಸಲ ಕೆದಕುವುದು ಸಿಕ್ಕಿಬಿದ್ದವರ ಅಥವಾ ಅವರ ಜೊತೆಗಾರರ ಹೆಜ್ಜೆಯೇ.

ನಂಬಿಕೆ 2: ಹಿಮ ಗಟ್ಟಿಯಾಗಿ ಕಂಡರೆ ಭಯವಿಲ್ಲ

ಬೆಟ್ಟದ ಹಿಮ ಒಂದೇ ಮುದ್ದೆಯಲ್ಲ, ಪದರದ ಮೇಲೆ ಪದರ. ಕೊರೆಯುವ ಚಳಿಯಲ್ಲಿ ಹಿಮದ ಮೇಲ್ಮೈ ತಣ್ಣಗಿದ್ದು ನೆಲದ ಕಡೆ ತುಸು ಬೆಚ್ಚಗಿರುತ್ತದೆ. ಆಗ ಒಳಗಿನ ನೀರಾವಿ ಮೇಲೇರುತ್ತಾ, ಒಂದಕ್ಕೊಂದು ಅಂಟದ, ಸಕ್ಕರೆಯಂಥ ಹರಳುಗಳನ್ನು ಕಟ್ಟುತ್ತದೆ. ಓರೆಯಾದ ಬಂಡೆಯ ಮೇಲೆ ರಾಗಿ ಚೆಲ್ಲಿ ಅದರ ಮೇಲೆ ಚಪ್ಪಡಿ ಇಟ್ಟರೆ ಹೇಗೋ ಹಾಗೆ: ಚಪ್ಪಡಿ ಎಷ್ಟೇ ಗಟ್ಟಿಯಿರಲಿ, ಜಾರುವುದು ಕೆಳಗಿನ ರಾಗಿಯಿಂದ. ಇಂಥ ಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ.

ಇದನ್ನು ತಿಳಿಯಲು ತಜ್ಞರು ಹಿಮದಲ್ಲಿ ಗುಂಡಿ ತೋಡಿ, ಒಂದು ಕಂಬವನ್ನು ಬಿಡಿಸಿ, ಮೇಲಿಟ್ಟ ಸಲಿಕೆಯ ಮೇಲೆ ತಟ್ಟುತ್ತಾರೆ: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಮೊದಲ ಕೆಲವೇ ಏಟಿಗೆ ಪದರ ಕಳಚಿದರೆ ಅಪಾಯ ಹೆಚ್ಚು. ಕಳಚದಿದ್ದರೆ ನಿಶ್ಚಿಂತೆಯೇ? ಅಲ್ಲ. ಹತ್ತಾರು ಅಡಿ ಆಚೆಗೆ ಪದರ ಬೇರೆಯೇ ಇರಬಹುದು. ಹತ್ತಿರದಲ್ಲಿ ಆಗಿರುವ ಹೊಸ ಕುಸಿತ, ಹೆಜ್ಜೆಯಡಿ 'ಧುಂ' ಎಂದು ಕುಗ್ಗುವ ಸದ್ದು ಗುಂಡಿಗಿಂತ ದೊಡ್ಡ ಎಚ್ಚರಿಕೆ.

ಭಾರತದಲ್ಲಿ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅಂತರರಾಷ್ಟ್ರೀಯ ಅಪಾಯದ ಮಾಪಕದಲ್ಲಿ 5 ಮಟ್ಟಗಳಿವೆ. 3 ಎಂದರೆ 'ಪರವಾಗಿಲ್ಲ' ಎಂದಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಅತಿ ಹೆಚ್ಚು ಸಾವು ಸಂಭವಿಸುವುದು ಆ ಮಟ್ಟದ ದಿನಗಳಲ್ಲೇ.

ನಂಬಿಕೆ 3: ಹೂತುಹೋದರೂ ದಿನಗಟ್ಟಲೆ ಬದುಕಬಹುದು

ಹನುಮಂತಪ್ಪ ಅವರನ್ನು ಆರನೇ ದಿನ ಜೀವಂತ ಹೊರತೆಗೆದದ್ದು ನಿಜ. ಅವರಿದ್ದ ಟೆಂಟಿನೊಳಗೆ ಗಾಳಿ ಉಳಿದಿತ್ತೆಂದು ವರದಿಯಾಗಿತ್ತು. ಫೆಬ್ರುವರಿ 11ರಂದು ದೆಹಲಿಯಲ್ಲಿ ಅವರು ತೀರಿಕೊಂಡರು. ಅದು ಅಪರೂಪದ ಪ್ರಕರಣ. ಪೂರ್ತಿ ಹೂತವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆಯ ನಂತರ ಸರ್ರನೆ ಕುಸಿಯುತ್ತದೆ. ಹೆಚ್ಚಿನವರು ಸಾಯುವುದು ಉಸಿರುಗಟ್ಟಿ.

ಸೋನಂನಲ್ಲಿ ಬಿದ್ದದ್ದು ಹಿಮಗಡ್ಡೆಯ ಗೋಡೆ ಎಂದು ವರದಿಯಾಗಿತ್ತು. ಅದನ್ನು ಗುಂಡಿ ತೋಡಿ ಪತ್ತೆಹಚ್ಚಲಾಗದು. ಪದರ ಜಾರುವ ಕುಸಿತವಾದರೋ ಮುಂಚೆಯೇ ಸುಳಿವು ಕೊಡುವುದುಂಟು. ಆದ್ದರಿಂದ ಹಿಮದ ಚಾರಣಕ್ಕೆ ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಇಂದಿನ ಅಪಾಯದ ಮಟ್ಟ ಎಷ್ಟು? ದಾರಿ ಎಷ್ಟು ಕಡಿದಾಗಿದೆ? ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಸಾಧನ, ಶೋಧಕೋಲು, ಸಲಿಕೆ ಇವೆಯೇ? ಉತ್ತರ ಬಾರದಿದ್ದರೆ ಹೋಗಬೇಡಿ.