ಓಡೋ ಗಾಡಿ ಮಾರಿ ಮಿಂಚೋ ಗಾಡಿ ತರಬೇಡಿ

ಮೊನ್ನೆ ಕೋಲಾರ ಮಾರ್ಕೆಟ್‌ನಲ್ಲಿ ಟೊಮ್ಯಾಟೊ ಬಾಕ್ಸ್ ಇಳಿಸ್ತಿರಬೇಕಾದ್ರೆ ಪರಿಚಯದವರೊಬ್ಬರು ಕೇಳಿದ್ರು, "ಏನಣ್ಣಾ, ಇನ್ನೂ ಈ ಡಬ್ಬಾನೇ ಎಳೀತಿದ್ದೀಯಾ? ಸೆಕೆಂಡ್ ಹ್ಯಾಂಡಲ್ಲಿ ಒಳ್ಳೊಳ್ಳೇ ಪಿಕಪ್ ಸಿಗ್ತವೆ, ಒಂದು ತಗೋಬಾರದಾ?" ನಾನು ನಕ್ಕು ಸುಮ್ಮನಾದೆ. ಪಕ್ಕದಲ್ಲಿ ಬಾಕ್ಸ್ ಹಿಡಿದಿದ್ದ ನನ್ನ ಮಗ ತಲೆ ತಗ್ಗಿಸಿದ. ಅದು ನನಗೆ ನಾಟಿತು. ಅದಕ್ಕೇ ಇವತ್ತು ಇಷ್ಟುದ್ದ ಬರೀತಿದ್ದೀನಿ.

ನನ್ನದು 2012ರ ಟಾಟಾ ಏಸ್. ಹೊಸದಾಗೇ ತಗೊಂಡದ್ದು, ಸಾಲ ತೀರಿ ಎಷ್ಟೋ ವರ್ಷ ಆಯ್ತು. ಬಾಗಿಲು ಒಂದು ಕಡೆ ತುಕ್ಕು ತಿಂದಿದೆ, ಸೀಟು ಹರಿದು ಗೋಣಿಚೀಲ ಹೊದಿಸಿದ್ದೀನಿ. ಆದ್ರೆ ಬೆಳಗಿನ ಜಾವ ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗುತ್ತೆ. ಯಾವ ಸದ್ದು ಬಂದ್ರೆ ಏನು ಕೆಟ್ಟಿದೆ ಅಂತ ನನಗೆ ಗೊತ್ತು. ಹೋದ ಮೂರು ವರ್ಷದಲ್ಲಿ ದಾರೀಲಿ ನಿಂತದ್ದು ಎರಡೇ ಸಲ. ಒಮ್ಮೆ ಕ್ಲಚ್ ಕೇಬಲ್, ಒಮ್ಮೆ ಫ್ಯಾನ್ ಬೆಲ್ಟ್. ಎರಡೂ ಸಲ ಹರಾಜಿಗೆ ಮುಂಚೆ ಮಾರ್ಕೆಟ್ ಸೇರಿದ್ದೀನಿ.

ನನಗೂ ಆಸೆ ಆಗಿರಲಿಲ್ಲ ಅಂತ ಸುಳ್ಳು ಹೇಳಲ್ಲ. ಹೋದ ತಿಂಗಳು ಒಂದು ಪಿಕಪ್ ನೋಡೋಕೆ ಹೋಗಿದ್ದೆ. ಒಂದೂವರೆ ಟನ್ ಹೊರೋದು, ಬಿಳೀ ಬಣ್ಣ, ಹೊಸ ಸೀಟ್ ಕವರ್, ಟೈರಿಗೆಲ್ಲ ಕರೀ ಪಾಲಿಶ್. ಕನ್ಸಲ್ಟಿಂಗ್‌ನವರು 5,20,000 ಹೇಳಿದ್ರು. ನನ್ನ ಏಸ್‌ಗೆ 1,40,000 ಹಿಡಿದುಕೊಳ್ತೀವಿ ಅಂದ್ರು. ಮಗನ ಮುಖ ಅರಳಿತು. ಅಡ್ವಾನ್ಸ್ ಕೊಡೋಕೆ ಜೇಬಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಭಾಯಿ "ಸ್ವಲ್ಪ ತಡಿ ಅಣ್ಣ" ಅಂದ.

ಆತ ಮೊದಲು ಬಾನೆಟ್ ಎತ್ತಿ ಇಂಜಿನ್ ಮೇಲೆ ಕೈ ಇಟ್ಟ. ಬಿಸಿ ಇತ್ತು. ನಾವು ಹೋಗೋಕೆ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ರು, ತಣ್ಣಗಿದ್ದಾಗ ಹೇಗೆ ಹತ್ತುತ್ತೆ ಅಂತ ನಮಗೆ ಗೊತ್ತಾಗಬಾರದು ನೋಡಿ. ಆಮೇಲೆ ಇಂಜಿನ್ ಓಡ್ತಿರೋವಾಗಲೇ ಆಯಿಲ್ ಹಾಕೋ ಮುಚ್ಚಳ ತೆಗೆದ. ಬುಸುಬುಸು ಅಂತ ಹೊಗೆ ಬಂತು. ಅಂದ್ರೆ ಪಿಸ್ಟನ್ ರಿಂಗ್ ಸವೆದಿವೆ, ಇವತ್ತಲ್ಲ ನಾಳೆ ಇಂಜಿನ್ ಬಿಚ್ಚಲೇಬೇಕು. ಮೀಟರ್ 68,000 ಕಿ.ಮೀ. ತೋರಿಸ್ತಿತ್ತು, ಆದ್ರೆ ಕ್ಲಚ್ ಪೆಡಲ್ ರಬ್ಬರ್ ಪೂರಾ ಸವೆದು ಕಬ್ಬಿಣ ಕಾಣ್ತಿತ್ತು. ಕೊನೇಗೆ ಭಾಯಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದ. ಚಾಸಿಗೆ ಎರಡು ಕಡೆ ವೆಲ್ಡಿಂಗ್ ಹಾಕಿ ಮೇಲೆ ಕಪ್ಪು ಬಣ್ಣ ಬಳಿದಿದ್ರು. ಮೇಲೆ ಥಳಕು ಒಳಗೆ ಹುಳುಕು ಅನ್ನೋದು ಇದಕ್ಕೇ.

ಈ ಗಾಡಿಗಳು ಎಲ್ಲಿಂದ ಬರ್ತವೆ ಅಂತ ಸ್ವಲ್ಪ ಯೋಚನೆ ಮಾಡಿ. 2023ರ ಜುಲೈನಲ್ಲಿ ನಮ್ಮ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಆ ದುಡ್ಡಿನ ಬಿಸಿಯಲ್ಲಿ ಸುತ್ತಮುತ್ತ ಎಷ್ಟು ಜನ ಗಾಡಿ ತಗೊಂಡ್ರು ಅಂತ ನಿಮಗೇ ಗೊತ್ತು. ಆಮೇಲೆ ರೇಟು ಬಿತ್ತು, ಕಂತು ಮಾತ್ರ ನಿಲ್ಲಲಿಲ್ಲ. ಕಂತಿಗೆ ಒದ್ದಾಡೋ ಮನುಷ್ಯ ಗಾಡಿಗೆ ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸ್ತಾನಾ? ಲೋಡು ಕಮ್ಮಿ ಹಾಕ್ತಾನಾ? ಒಂದಕ್ಕೆ ಎರಡರಷ್ಟು ಹೇರಿ ಓಡಿಸಿ, ಆಗದೇ ಹೋದಾಗ ಮಾರಿದ್ದಾನೆ. ಚೆನ್ನಾಗಿ ನೋಡಿಕೊಂಡ ಗಾಡಿನ ಯಾರೂ ಬೀದಿಗೆ ತರಲ್ಲ, ಅಣ್ಣತಮ್ಮಂದಿರಲ್ಲೇ ಊರಲ್ಲೇ ಕೈ ಬದಲಾಗುತ್ತೆ.

ಈಗ ಲೆಕ್ಕಕ್ಕೆ ಬರೋಣ. ನಾನು ಎಸ್‌ಎಸ್‌ಎಲ್‌ಸಿ ಓದಿದೋನು, ಕೂಡೋದು ಕಳೆಯೋದು ಬರುತ್ತೆ. ನನ್ನ ಏಸ್ ಹೊರಬೇಕಾದ್ದು 750 ಕೆಜಿ. ಕ್ರೇಟ್ ತೂಕನೂ ಸೇರಿ ಬಾಕ್ಸಿಗೆ ಹದಿನಾರೂವರೆ ಕೆಜಿ ಹಿಡಿದ್ರೆ 45 ಬಾಕ್ಸು. ಹೋದ ವರ್ಷ ಅರ್ಧ ಎಕರೆಯಂತೆ ಎರಡು ಬೆಳೆ, ಒಟ್ಟು 31 ಕೊಯ್ಲು. ಇದರಲ್ಲಿ 22 ದಿನ ನನ್ನ ಗಾಡಿನೇ ಸಾಕಾಯ್ತು. ಉಳಿದ 9 ದಿನ ಮಾತ್ರ ಮಾಲು ಹೆಚ್ಚಾಗಿ ಪಕ್ಕದ ಊರಿನ ಪಿಕಪ್‌ಗೆ ಹಾಕಿದೆ. 630 ಬಾಕ್ಸು, ಬಾಕ್ಸಿಗೆ 12 ರೂಪಾಯಿಯಂತೆ 7,560. ಇಡೀ ವರ್ಷಕ್ಕೆ ನಾನು ಹೊರಗಿನ ಗಾಡಿಗೆ ಕೊಟ್ಟದ್ದು ಇಷ್ಟೇ.

ರಿಪೇರಿ? ಅದೂ ಬರೆದಿಟ್ಟಿದ್ದೀನಿ. ಹಿಂದಿನ ಎರಡು ಟೈರ್ 7,600, ಕ್ಲಚ್ ಸೆಟ್ ಕೂಲಿ ಸೇರಿ 6,500, ಆಯಿಲ್ ಫಿಲ್ಟರ್ 5,400, ಬ್ರೇಕು ಮತ್ತೆ ಪಟ್ಟಿ ಕೆಲಸ 4,200. ಒಟ್ಟು 23,700. ತಿಂಗಳಿಗೆ 2,000 ಕೂಡ ಆಗಲಿಲ್ಲ. ಇನ್ಶೂರೆನ್ಸು ಎಫ್‌ಸಿ ಸೇರಿಸಿಲ್ಲ ಅಂತ ಕೇಳಬೇಡಿ. ಅವು ಆ ಗಾಡಿಗೂ ಉಂಟು, ಎಂಟು ವರ್ಷ ದಾಟಿದ್ರೆ ಅದಕ್ಕೂ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು.

ಆ ಪಿಕಪ್ ತಂದಿದ್ರೆ? ನನ್ನ ಗಾಡಿ ಕೊಟ್ಟಮೇಲೂ 3,80,000 ಬೇಕು. 80,000ಕ್ಕೆ ಮನೆಯವಳ ಸರ ಅಡ ಇಡಬೇಕು, ಉಳಿದ 3 ಲಕ್ಷ ಫೈನಾನ್ಸು. ನೂರಕ್ಕೆ ವರ್ಷಕ್ಕೆ 15 ಬಡ್ಡಿ, ಮೂರು ವರ್ಷ ಅಂದ್ರೆ ತಿಂಗಳಿಗೆ ಸುಮಾರು 10,400 ಕಂತು. ಬಡ್ಡಿಯೇ 74,000 ದಾಟುತ್ತೆ. ನಾನು ವರ್ಷಪೂರ್ತಿ ಬಾಡಿಗೆಗೆ ಕೊಟ್ಟ ದುಡ್ಡು ಒಂದು ತಿಂಗಳ ಕಂತಿಗೂ ಸಾಲಲ್ಲ! ಇದರ ಮೇಲೆ ಆ ಇಂಜಿನ್ ಕೆಲಸ ಬೇರೆ.

"ಬಾಡಿಗೆ ಹೊಡೆದು ಕಂತು ಕಟ್ಟಬಹುದಲ್ಲಾ" ಅಂತೀರಿ. ಡೀಸೆಲ್ ಬಿಟ್ಟು ಹೇಳ್ತೀನಿ, 10,400 ಬರಬೇಕಾದ್ರೆ ತಿಂಗಳಿಗೆ 867 ಬಾಕ್ಸು ಬೇರೆಯವರದ್ದು ಹೊರಬೇಕು. ಊರಲ್ಲಿ ಮನೆಗೊಂದು ಗಾಡಿ ಇದೆ, ಯಾರು ಕೊಡ್ತಾರೆ? ಬೆಳೆ ಇಲ್ಲದ ತಿಂಗಳು ಎಲ್ಲಿಂದ ತರ್ತೀರಿ? ಆ ಬಾಡಿಗೆಯೇ ಗಿಟ್ಟೋದಾಗಿದ್ರೆ ಮೊದಲಿನವನು ಮಾರ್ತಿದ್ನಾ?

"ದಾರೀಲಿ ಕೈ ಕೊಟ್ರೆ?" ಅನ್ನೋದು ನ್ಯಾಯವಾದ ಮಾತು. ಹಳೇ ಗಾಡಿ ಕೈ ಕೊಡಬಹುದು. ಆದ್ರೆ ನನ್ನ ಗಾಡಿ ಕಾಯಿಲೆ ನನಗೆ ಗೊತ್ತು. ಆ ಗಾಡಿ ಕಾಯಿಲೆ ಗೊತ್ತಾಗೋದು ರಾತ್ರಿ ಮೂರು ಗಂಟೆಗೆ, ಹೈವೇ ಪಕ್ಕದಲ್ಲಿ, 80 ಬಾಕ್ಸು ಹಣ್ಣು ಮೇಲಿದ್ದಾಗ.

ಮರ್ಯಾದೆ ಮಾತಿಗೆ ಬರ್ತೀನಿ. ನನ್ನ ಮಗ ಪಿಯುಸಿ ಮುಗಿಸಿ ನನ್ನ ಜೊತೆಗೇ ಹೊಲಕ್ಕೆ ಇಳಿದವನು. ಅವನಿಗೆ ಹೆಣ್ಣು ನೋಡ್ತಿದ್ದೀವಿ. ರೈತನಿಗೆ ಹೆಣ್ಣು ಕೊಡೋದಕ್ಕೇ ಹಿಂದೆ ಮುಂದೆ ನೋಡೋ ಕಾಲ, ಬಂದವರು ಮನೆ ಮುಂದಿನ ಗಾಡಿ ನೋಡಿ ಅಳೀತಾರೆ. ಇದು ನಿಜ, ನನಗೂ ನೋವಿದೆ. ಆದ್ರೆ ಸರ ಅಡ ಇಟ್ಟು, ಕಂತು ತಲೆ ಮೇಲೆ ಹೊತ್ತುಕೊಂಡಿರೋ ಮನೆಗೆ ಸೊಸೆ ತಂದು, ಆ ಹುಡುಗಿಗೆ ಯಾವ ಸುಖ ಕೊಡೋದು? ಗಾಡಿ ತೋರಿಸಿ ಹೆಣ್ಣು ತರೋದೂ ಮೋಸವೇ.

ಹಾಗಂತ ಸಾಯೋವರೆಗೂ ಹಳೇದನ್ನೇ ಎಳೀರಿ ಅಂತ ನಾನು ಹೇಳಲ್ಲ. ಚಾಸಿ ಬಿರುಕು ಬಿಟ್ರೆ, ಬ್ರೇಕು ಎಷ್ಟು ಮಾಡಿಸಿದ್ರೂ ನಿಲ್ಲದಿದ್ರೆ, ರಿಪೇರಿಯೇ ಕಂತಿನಷ್ಟು ಆದ್ರೆ ಖಂಡಿತ ಬದಲಾಯಿಸಿ. ಸಾಮಾನು ಸಾಗಿಸೋ ಗಾಡಿಲಿ ನಮ್ಮ ಮಕ್ಕಳೂ ಕೂತಿರ್ತಾರೆ. ಆದ್ರೆ ಬೆಳಿಗ್ಗೆ ಇಂಜಿನ್ ತಣ್ಣಗಿರೋವಾಗ ಹೋಗಿ ನೋಡಿ, ನಂಬಿಕೆಯ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸು, ಸಾಲದ ಹೆಸರು ಇದೆಯಾ ನೋಡಿ. ಸಾಲ ಇದ್ರೆ ಫಾರಂ 35, ಫೈನಾನ್ಸಿನ ಎನ್‌ಒಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ.

ನಿಮ್ಮ ಹಳೇ ಗಾಡಿ ಮಾರೋರಿಗೆ ಇನ್ನೊಂದು ಮಾತು. ಬರೀ ಫಾರಂ 29, 30ಕ್ಕೆ ಸಹಿ ಹಾಕಿಕೊಟ್ಟು ಮನೆಗೆ ಬಂದುಬಿಡಬೇಡಿ, ಆರ್‌ಸಿಲಿ ಹೆಸರು ಬದಲಾಯ್ತಾ ಅಂತ ನೋಡಿ. ದಾಖಲೆಯಲ್ಲಿ ಹೆಸರಿರೋನೇ ಮಾಲೀಕ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗಾಡಿ ಇನ್ಯಾರೋ ಓಡಿಸಿ ಗುದ್ದಿದ್ರೆ ಪರಿಹಾರದ ಕೇಸು ನಿಮ್ಮ ಹೊಲದ ಮೇಲೆ ಬಂದು ಕೂರುತ್ತೆ.

ನನ್ನ ತೀರ್ಮಾನ ಇಷ್ಟು. ಏಸ್ ಇಟ್ಕೊಳ್ತೀನಿ. ಬಾಗಿಲು ಟಿಂಕರಿಂಗ್ ಮಾಡಿಸಿ ಸೀಟು ಹೊಲಿಸ್ತೀನಿ, ಅದು ಮಗನಿಗೋಸ್ಕರ. ತಿಂಗಳಿಗೆ 3,000 ಪೋಸ್ಟಾಫೀಸಿನಲ್ಲಿ ಆರ್‌ಡಿ ಕಟ್ತೀನಿ. ಮುಂದೆ ಗಾಡಿ ತರೋ ದಿನ ಬಂದ್ರೆ ಆ ದುಡ್ಡು ಇರುತ್ತೆ. ಮಗನಿಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಲೆಕ್ಕದ ಪುಸ್ತಕ ನೋಡಿ ಏನೂ ಮಾತಾಡದೆ ಎದ್ದು ಹೋದ. ಅವನ ವಯಸ್ಸಲ್ಲಿ ನಾನೂ ಹಾಗೇ ಹೋಗ್ತಿದ್ದೆ.

ನಮ್ಮ ಸುತ್ತಲಿನವರಿಗೆ ಒಂದು ಕೋರಿಕೆ. ನಿಮಗೂ ನನ್ನ ಹಾಗೆ ವರ್ಷಕ್ಕೆ ಎಂಟು ಹತ್ತು ದಿನ ಮಾತ್ರ ಮಾಲು ಹೆಚ್ಚಾಗೋದಾದ್ರೆ, ಅಷ್ಟಕ್ಕೋಸ್ಕರ ಸಾಲ ಮಾಡಬೇಡಿ. ಕೊಯ್ಲಿನ ದಿನ ಒಂದು ದಿನ ಹಿಂದೆ ಮುಂದೆ ಮಾಡಿಕೊಂಡು ನಾಲ್ಕು ಮನೆಯವರು ಒಬ್ಬರ ಗಾಡಿಗೆ ಒಬ್ಬರು ಹಾಕೋಣ. ನಾಳಿದ್ದು ನನ್ನ ಕೊಯ್ಲು, ಈ ಸಲ 30 ಬಾಕ್ಸೇ ಬರೋದು. ಗಾಡಿಲಿ 15 ಬಾಕ್ಸಿಗೆ ಜಾಗ ಇದೆ. ಬೇಕಾದವರು ನಾಳೆ ಸಾಯಂಕಾಲದೊಳಗೆ ಹೇಳಿ.