ಗೋಡೆ ಬಿರಿಯದಿದ್ದರೆ ಸಾಕೇ?

ಬಳ್ಳಾರಿಯ ಕಡೆಯಿಂದ ಜೇವರ್ಗಿಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳು ಸಾಲಾಗಿ ನಿಂತಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಸಿಂಧನೂರಿಗೆ 2024ರಲ್ಲಿ ರೈಲು ಬಂದಿತು. ಮಸ್ಕಿಯು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಗದಗ-ವಾಡಿ ರೈಲುಮಾರ್ಗದ ನಕ್ಷೆಯಲ್ಲಿ ಲಿಂಗಸುಗೂರು ಸೇರಿದೆ. ಹೀಗೆ ಬೆಳೆಯುವ ಊರುಗಳಲ್ಲಿ ಆಸ್ಪತ್ರೆಯ ನೆರೆಯಲ್ಲಿ ಕಟ್ಟಡಗಳು ಏಳುವುದು ಸಹಜ. ಆಸ್ಪತ್ರೆಗಳೂ ಇದ್ದ ಜಾಗದಲ್ಲಿಯೇ, ರೋಗಿಗಳನ್ನು ಒಳಗಿರಿಸಿಕೊಂಡೇ, ಮಹಡಿಯ ಮೇಲೆ ಮಹಡಿ ಏರಿಸಬೇಕಾಗುತ್ತದೆ. ಕೆಲಸ ಮುಗಿಯುವ ತನಕ ರೋಗಿಗಳನ್ನು ಬೇರೆಡೆ ಇರಿಸೋಣವೆಂದರೆ ಜಿಲ್ಲಾ ಕೇಂದ್ರವಾದ ರಾಯಚೂರು ಎರಡು ತಾಸಿನ ದಾರಿ. ಆದುದರಿಂದ ಕಟ್ಟಬೇಡಿರೆಂದು ಯಾರೂ ಹೇಳಲಾರರು. ಹೇಗೆ ಕಟ್ಟಬೇಕೆಂಬುದನ್ನು ಮಾತ್ರ ಕೇಳಬಹುದು, ಕೇಳಲೇಬೇಕು.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 40. ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ವಸತಿ ಪ್ರದೇಶದಲ್ಲಿಯೂ ನಿಶ್ಶಬ್ದ ವಲಯದಲ್ಲಿಯೂ ರಾತ್ರಿ ನಡೆಸಕೂಡದೆಂದು 2010ರ ತಿದ್ದುಪಡಿ ವಿಧಿಸಿತು. ಆದರೆ 2017ರ ಮತ್ತೊಂದು ತಿದ್ದುಪಡಿಯು, ರಾಜ್ಯ ಸರಕಾರ ಅಧಿಸೂಚನೆ ಹೊರಡಿಸಿದ ಹೊರತು ಯಾವ ಪ್ರದೇಶವೂ ನಿಶ್ಶಬ್ದ ವಲಯವಾಗದೆಂದು ಹೇಳಿತು. ಆಸ್ಪತ್ರೆಯ ಮುಂದೆ ನೆಟ್ಟ ಫಲಕವೊಂದರಿಂದಲೇ ಕಾನೂನಿನ ಬಲ ಬರುತ್ತದೆಂದು ನಂಬುವವರು ಇದನ್ನು ಗಮನಿಸಬೇಕು. ಅಧಿಸೂಚನೆ ಇದೆಯೇ ಎಂದು ಪುರಸಭೆಯಲ್ಲಿಯೋ ನಗರಸಭೆಯಲ್ಲಿಯೋ ವಿಚಾರಿಸುವುದು ಮೊದಲ ಕೆಲಸ.

ಅಧಿಸೂಚನೆ ಇದ್ದರೂ ಲೆಕ್ಕ ಅಷ್ಟು ಸುಲಭವಾಗಿ ಕೂಡುವುದಿಲ್ಲ. ಹಿಟಾಚಿ ಯಂತ್ರಕ್ಕೆ ಜೋಡಿಸಿದ ಬ್ರೇಕರ್ ಬಂಡೆಯನ್ನು ಕುಟ್ಟುವಾಗ 15 ಮೀಟರ್ ದೂರದಲ್ಲಿ ಸುಮಾರು 90 ಡೆಸಿಬೆಲ್ ಸದ್ದಿರುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ: 30 ಮೀಟರಿನಲ್ಲಿ 84, 60ರಲ್ಲಿ 78. ವಲಯದ ಅಂಚಾದ 100 ಮೀಟರಿನಲ್ಲಿ ನಿಂತು ಕುಟ್ಟಿದರೂ ವಾರ್ಡಿನ ಗೋಡೆಯನ್ನು ತಲಪುವುದು 70ಕ್ಕೆ ಮಿಗಿಲಾದ ಸದ್ದು. ಕಿಟಕಿ ಮುಚ್ಚಿದರೆ 20-25 ಡೆಸಿಬೆಲ್ ಕಡಿಮೆಯಾದೀತು. ತೆರೆದಿದ್ದರೆ 10-15 ಮಾತ್ರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಸಾಮಾನ್ಯ ವಾರ್ಡಿನ ಕಿಟಕಿ ಮುಚ್ಚಿರೆಂದು ಬಾಣಂತಿಯರಿಗೆ ಹೇಳುವವರು ಯಾರು? ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ 45 ಡೆಸಿಬೆಲ್ ಮೀರುವುದು ಕಳವಳಕಾರಿ ಎಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿ 1997ರಲ್ಲಿಯೇ ತಿಳಿಸಿದೆ. ಮೇಲಾಗಿ ನಮ್ಮ ನಿಯಮದ ಮಿತಿಗಳು ಸರಾಸರಿಯ ಲೆಕ್ಕದವು. ಹತ್ತು ನಿಮಿಷ ಕುಟ್ಟಿ ಅರ್ಧ ತಾಸು ಸುಮ್ಮನಿರುವ ಯಂತ್ರ ಸರಾಸರಿಯಲ್ಲಿ ಸಾಧುವಾಗಿ ಕಾಣಬಹುದು. ಮಲಗಿದ ರೋಗಿ ಬೆಚ್ಚಿಬೀಳುವುದು ಆ ಹತ್ತು ನಿಮಿಷದಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷಾ ಗ್ರಂಥದಲ್ಲಿ ಸದ್ದಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಸದ್ದಿನ ಗಾತ್ರಕ್ಕಿಂತಲೂ ಅದರ ಹಠಾತ್ತನೆಯ ಬರವು, ಮುಂದೇನಾಗುವುದೋ ಎಂಬ ಕಾತರ ರೋಗಿಯನ್ನು ಹೆಚ್ಚು ಬಾಧಿಸುತ್ತದೆಂದು ಬರೆದರು. ಶುಶ್ರೂಷಕಿಯರಾಗಿ ದುಡಿಯುತ್ತಿರುವ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಸ್ಟೆತಸ್ಕೋಪಿನಲ್ಲಿ ರಕ್ತದೊತ್ತಡದ ಮಿಡಿತವೇ ಕೇಳದಿದ್ದಾಗ ಕೆಲಸ ಹೇಗೆ ನಡೆಯುತ್ತದೆಂಬುದು ಅವರಿಗೆ ಗೊತ್ತು.

ಕಂಪನದ ವಿಷಯ ಇದಕ್ಕಿಂತ ಕಠಿಣ, ಏಕೆಂದರೆ ಶಬ್ದ ನಿಯಮಗಳು ನೆಲದ ನಡುಕದ ಬಗ್ಗೆ ಮೌನವಾಗಿವೆ. ಲಿಂಗಸುಗೂರು ತಾಲ್ಲೂಕಿನವರಿಗೆ ಹಟ್ಟಿ ಚಿನ್ನದ ಗಣಿಯಿಂದಾಗಿ ಸಿಡಿತದ ನಡುಕ ಅಪರಿಚಿತವಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯು ಗಣಿಯ ನೆರೆಯ ಸಾಮಾನ್ಯ ಮನೆಗಳಿಗೆ, ನಿಧಾನಗತಿಯ ಅಲೆಗಳಾದರೆ ಸೆಕೆಂಡಿಗೆ 5 ಮಿಲಿಮೀಟರ್ ಎಂಬ ಮಿತಿಯನ್ನು ಗೊತ್ತುಪಡಿಸಿದೆ. ಆ ಅಂಕಿ ಗೋಡೆಯ ರಕ್ಷಣೆಗಾಗಿ. ಶಸ್ತ್ರಚಿಕಿತ್ಸಾ ಕೊಠಡಿಗೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಅಳತೆ ಸೆಕೆಂಡಿಗೆ ಸುಮಾರು 0.1 ಮಿಲಿಮೀಟರ್. ಎರಡನ್ನೂ ಅಳೆಯುವ ಕ್ರಮ ತುಸು ಬೇರೆಯಾದರೂ ಅಂತರ ಹತ್ತಾರು ಪಟ್ಟು ಎಂಬುದು ಸ್ಪಷ್ಟ. ಗುತ್ತಿಗೆದಾರರು “ಒಂದು ಬಿರುಕೂ ಬಿಟ್ಟಿಲ್ಲ, ನೋಡಿ” ಎನ್ನುವಾಗ ಅವರು ಸುಳ್ಳು ಹೇಳುತ್ತಿಲ್ಲ. ಕಣ್ಣಿನ ಪೊರೆ ತೆಗೆಯುತ್ತಿರುವ ವೈದ್ಯರ ಸೂಕ್ಷ್ಮದರ್ಶಕ ಅಲುಗಿದುದಕ್ಕೆ ಆ ಉತ್ತರ ಮಾತ್ರ ಸಲ್ಲುವುದಿಲ್ಲ.

ಉಪಾಯಗಳು ದುಬಾರಿಯಾದವುಗಳೇನೂ ಅಲ್ಲ. ಸಿಂಧನೂರಿನ ಎರೆಭೂಮಿಯಲ್ಲಿ ಪೈಲ್ ಹಾಕಬೇಕಾದರೆ ಬಡಿದು ಇಳಿಸುವ ಬದಲು ಕೊರೆದು ಇಳಿಸಬಹುದು; ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂತಹ ಮಣ್ಣಿಗೆಂದೇ ಬುಡದಲ್ಲಿ ಅಗಲವಾಗುವ ಪೈಲನ್ನು ರೂಢಿಗೆ ತಂದು ದಶಕಗಳಾದವು. ಬಂಡೆ ಸಿಕ್ಕಲ್ಲಿ ಸಾಲು ರಂಧ್ರ ಕೊರೆದು, ಉಬ್ಬಿ ಬಂಡೆಯನ್ನು ಸೀಳುವ ರಾಸಾಯನಿಕ ಪುಡಿಯನ್ನು ತುಂಬಬಹುದು. ಒಂದು ದಿನ ತಡವಾದೀತು, ಅಷ್ಟೆ. ಯಂತ್ರ ಕಣ್ಣಿಗೆ ಕಾಣದಷ್ಟು ಎತ್ತರವಾದ, ಸಂದಿಯಿಲ್ಲದ ತಗಡಿನ ತಡೆಯೊಂದು 10 ಡೆಸಿಬೆಲ್‌ನಷ್ಟು ತಗ್ಗಿಸಬಲ್ಲದು. ಹರಿದ ಹಸಿರು ಬಲೆಯಿಂದ ಏನೂ ತಗ್ಗದು. ಎಲ್ಲಕ್ಕಿಂತ ಅಗ್ಗವಾದುದು ಮುನ್ಸೂಚನೆ. ಸೆಕೆಂಡಿಗೆ 1 ಮಿಲಿಮೀಟರಿನಷ್ಟು ನಡುಕಕ್ಕೆ ಮನೆಯವರು ದೂರುವ ಸಂಭವವಿದೆ, ಆದರೆ ಮೊದಲೇ ತಿಳಿಸಿ ವಿವರಿಸಿದ್ದರೆ ಸಹಿಸಿಯಾರು ಎಂದು ಬ್ರಿಟನ್ನಿನ ನಿರ್ಮಾಣ ಸಂಹಿತೆ ಹೇಳುತ್ತದೆ. ಶಸ್ತ್ರಚಿಕಿತ್ಸೆಯ ತಾಸುಗಳಲ್ಲಿ ಕುಟ್ಟುವುದಿಲ್ಲ; ಮುಖ್ಯ ಶುಶ್ರೂಷಕಿ ದೂರವಾಣಿ ಮಾಡಿದರೆ ಐದು ನಿಮಿಷದಲ್ಲಿ ಯಂತ್ರ ನಿಲ್ಲುತ್ತದೆ: ಈ ಎರಡು ಸಾಲುಗಳನ್ನು ಟೆಂಡರ್ ಪತ್ರದಲ್ಲಿಯೇ ಬರೆಯಿಸಬೇಕು. ಕೆಲಸ ಆರಂಭವಾದ ಮೇಲೆ ಕೇಳಿದರೆ ಗುತ್ತಿಗೆದಾರರು ಹೆಚ್ಚುವರಿ ಹಣ ಕೇಳುತ್ತಾರೆ, ಅದೂ ನ್ಯಾಯವೇ. ಆಸ್ಪತ್ರೆಯ ನೆರೆಯಲ್ಲಿ ನಮ್ಮ ಧರ್ಮಕೇಂದ್ರವೋ ಕಾನ್ವೆಂಟೋ ಕಟ್ಟಡ ಎತ್ತುವುದಾದರೆ ಈ ಷರತ್ತು ನಮಗೂ ಅನ್ವಯಿಸಬೇಕು.

ಮಾತು ಕೇಳದವರ ಮೇಲೆ ದೂರು ಕೊಡುವ ದಾರಿಯಿದೆ. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಮೇಲ್ಪಟ್ಟ ಸದ್ದಿದ್ದರೆ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದಿದ್ದರೆ ಯಾರು ಬೇಕಾದರೂ ದೂರಬಹುದು. ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಈ ಹೊಣೆಯನ್ನು ವಹಿಸಬಹುದೆಂದು ನಿಯಮ ಹೇಳುತ್ತದೆ. ಸಿಂಧನೂರು, ಲಿಂಗಸುಗೂರು ಎರಡರಲ್ಲಿಯೂ ಆ ದರ್ಜೆಯ ಅಧಿಕಾರಿಗಳಿದ್ದಾರೆ. ಪರಿಸರ ಸಂರಕ್ಷಣಾ ಕಾಯಿದೆಯಲ್ಲಿದ್ದ ಸೆರೆವಾಸಕ್ಕೆ ಬದಲಾಗಿ 2024ರ ಏಪ್ರಿಲ್ 1ರಿಂದ 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲಾಗುತ್ತದೆ.

ಇನ್ನೊಂದು ಮಾತು. ರಾತ್ರಿಯ ಕೆಲಸ ನಿಂತರೆ ಅದರ ಭಾರವೆಲ್ಲ ಹಗಲಿನ ಬಿಸಿಲಿಗೆ ಬೀಳುತ್ತದೆ, ಅದನ್ನು ಹೊರುವವರು ಕೂಲಿಯವರು. ವಾರ್ಡಿನಲ್ಲಿರುವವರಿಗೆ 60 ಡೆಸಿಬೆಲ್ ತಲಪುವಾಗ ಬ್ರೇಕರ್ ಪಕ್ಕದಲ್ಲಿ ಕಲ್ಲು ಎತ್ತುವವರ ಕಿವಿಗೆ ಬೀಳುವುದು 90ಕ್ಕೂ ಮೇಲೆ. ನಮ್ಮ ದೇಶದ ಕಾರ್ಖಾನೆಗಳಲ್ಲಿ ಎಂಟು ತಾಸಿನ ದುಡಿಮೆಗೆ ಗೊತ್ತುಪಡಿಸಿದ ಮಿತಿಯೇ 90. ಟೆಂಡರಿನಲ್ಲಿ ಆ ಎರಡು ಸಾಲು ಬರೆಯಿಸುವವರು ಮೂರನೆಯದಾಗಿ ಕಿವಿಮುಚ್ಚುಗಳನ್ನೂ ನಡುಹಗಲಿನ ನೆರಳಿನ ವಿರಾಮವನ್ನೂ ಸೇರಿಸಲಿ.