ಅಂಕಪಟ್ಟಿಯೊಳಗಿನ ಸಮಾಜಕಾರ್ಯ

1936ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ, 1960ರಲ್ಲಿ ಮಂಗಳೂರಿನ ರೋಶನಿ ನಿಲಯ. ಸಮಾಜಕಾರ್ಯದ ಈ ಶಾಲೆಗಳ ಪ್ರಾಣ ಕ್ಷೇತ್ರಕಾರ್ಯ. 2010ರಲ್ಲಿ ಯುಜಿಸಿ ಎಪಿಐ ಅಂಕಪದ್ಧತಿಯನ್ನು ತಂದಿತು. ವಿಸ್ತರಣಾ ಚಟುವಟಿಕೆಗೂ ಅದರಲ್ಲಿ ಅಂಕವಿತ್ತು ಎನ್ನುವವರಿದ್ದಾರೆ. ಇತ್ತು, ಆದರೆ ಬಡ್ತಿಯ ಓಟದಲ್ಲಿ ಅಧ್ಯಾಪಕರು ಬೆನ್ನಟ್ಟಿದ್ದು ಪ್ರಬಂಧಗಳ ಸಂಖ್ಯೆಯನ್ನು. ಕಡತಗಳ ನಡುವೆಯೇ ಬದುಕುವ ನಾನು ಲೆಕ್ಕದ ವೈರಿಯಲ್ಲ. ಆದರೆ ಇದು ಲೆಕ್ಕವಲ್ಲ, ತೂಕದ ಮೋಸ.

2024ರ ಜೂನ್‌ನಲ್ಲಿ ಟಾಟಾ ಸಂಸ್ಥೆ ನೂರಕ್ಕೂ ಹೆಚ್ಚು ಗುತ್ತಿಗೆ ಸಿಬ್ಬಂದಿಗೆ ಸೇವೆ ಮುಗಿಯಿತೆಂದು ತಿಳಿಸಿ, ಎರಡೇ ದಿನಗಳಲ್ಲಿ ಆ ಪತ್ರಗಳನ್ನು ಹಿಂತೆಗೆದುಕೊಂಡಿತು. ಅನುದಾನವಿರುವಷ್ಟು ದಿನವಷ್ಟೇ ಉಳಿಯುವ ಅಧ್ಯಾಪಕ ಒಂದೇ ಕೊಳೆಗೇರಿಯನ್ನು ಹತ್ತು ವರ್ಷ ಹೇಗೆ ಅಭ್ಯಸಿಸಿಯಾನು? ನಮ್ಮ ಇಂದಿರಾಪುರದ ಬಹುಮಹಡಿಗಳಿಗೆ ಮನೆಗೆಲಸಕ್ಕೆ ಬರುವ ಹೆಂಗಸರ ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆದವನಿಗೆ ಅಂಕವುಂಟು. ಅದನ್ನು ಆ ಹೆಂಗಸರಿಗೇ ಹಿಂದಿಯಲ್ಲಿ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಂಡು ಬಂದವನಿಗೆ?